ಚಂದ್ರಿಯ ಬೆನ್ನಿಗೆ ನಾನು ಹೊಲಿದ ಜೀನು

ಕೋಟೇಶ್ವರದ ಪೇಟೆಯಲ್ಲಿ ಮೂವತ್ತು ವರ್ಷದಿಂದ ಸೀಟು ಹೊಲಿಯುತ್ತಿರುವವನು ನಾನು. ಬಸ್ಸಿನ ಸೀಟು, ಸ್ಕೂಟರಿನ ಸೀಟು, ಹಲ್ಲಿನ ಡಾಕ್ಟರರ ಕುರ್ಚಿ, ಎಲ್ಲವೂ ನನ್ನ ಕೈಯಲ್ಲಿ ಮೆತ್ತಗಾಗಿವೆ. ಹಾಗಾಗಿ ಕುದುರೆಯ ಜೀನು ನೋಡಿ ಒಳ್ಳೆಯದೋ ಕೆಟ್ಟದ್ದೋ ಹೇಳಬೇಕೆಂದು ಭಾವ ಕೇಳಿದಾಗ ನನಗೆ ಯಾವ ಅಳುಕೂ ಆಗಲಿಲ್ಲ. ಕುದುರೆ ಮುಟ್ಟಿದವನಲ್ಲ ಎಂಬುದು ಆಗ ಬಹಳ ಸಣ್ಣ ವಿಷಯವಾಗಿ ಕಂಡಿತು.

ಭಾವ ಎಂದರೆ ನನ್ನ ಹೆಂಡತಿ ಗುಲಾಬಿಯ ಅಣ್ಣ. ಮುಂಬೈಯ ಹೋಟೆಲ್ ಕೆಲಸ ಸಾಕೆಂದು ಬಿಟ್ಟು ಬಂದು, ಚಂದ್ರಿ ಎಂಬ ಹೆಣ್ಣು ಕುದುರೆ ಕೊಂಡಿದ್ದರು. ಕ್ರಿಸ್‌ಮಸ್ ರಜೆಗೆ ಕೋಡಿಯ ಕಡಲ ತೀರಕ್ಕೆ ಬರುವವರನ್ನು ಕೂರಿಸಿ ಸುತ್ತು ಹೊಡೆಸುವ ಯೋಚನೆ. ಆ ರಜೆ ಕೈಕೊಟ್ಟರೆ ಮತ್ತೆ ಮುಂಬೈಯೇ ಗತಿ.

ಜೀನು ಮಾರುವವನು, ಬೇಕಾದ್ದನ್ನು ಆರಿಸಿಕೊಳ್ಳಿ ಎಂದು, ಎರಡು ಹಳೆಯ ಜೀನು ಬಿಟ್ಟುಹೋಗಿದ್ದ. ಪರದೇಶದಲ್ಲಿ ದನ ಮೇಯಿಸುವವರು ದಿನವಿಡೀ ಕೂರುವ ಮಾದರಿಯಂತೆ. ನಾನು ಎರಡನ್ನೂ ಅಕ್ಕಿ ಚೀಲದ ಮೇಲಿಟ್ಟು ವಿಧಿವತ್ತಾಗಿ ಪರೀಕ್ಷೆಗೆ ಕುಳಿತೆ. ಮೊದಲನೆಯದು ಗೀರುಬಿದ್ದ, ಮರಗಟ್ಟಿದ ಜೀನು. ಎರಡು ತುದಿ ಹಿಡಿದು ಅದುಮಿದರೂ ಬಗ್ಗಲಿಲ್ಲ. ಎರಡನೆಯದು ಫಳಫಳ ಹೊಳೆಯುತ್ತಿತ್ತು, ಅದುಮಿದರೆ ನಡುವಿನಲ್ಲಿ ಸಲೀಸಾಗಿ ಮಡಚಿಕೊಳ್ಳುತ್ತಿತ್ತು.

“ಇದ್ರಲ್ಲಿ ಸ್ಪ್ರಿಂಗ್ ಇತ್ತ್ ಭಾವ,” ಎಂದೆ. “ಇದೇ ತಕಣಿ.”

ಭಾವ ತಗೊಂಡರು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಜೀನನ್ನು ತಿರುಗಿಸಿ ನೋಡಿದರೆ ಅಡಿಯಲ್ಲಿ, ನಟ್ಟನಡುವೆ, ಮುಂದಿನಿಂದ ಹಿಂದಿನವರೆಗೆ ಖಾಲಿ ಸಂದು! ಒಳಗಿನ ಹತ್ತಿ ಉದುರಿಹೋಗಿದೆ ಎಂದು ನಿರ್ಧರಿಸಿದೆ. ಸೀಟಿನಲ್ಲಿ ತಗ್ಗು ಕಂಡರೆ ತುಂಬದೆ ಬಿಡುವ ಜಾತಿ ನನ್ನದಲ್ಲ. ತೆಂಗಿನ ನಾರನ್ನು ಗಟ್ಟಿಯಾಗಿ ತುರುಕಿ, ಮೇಲೆ ರೆಕ್ಸಿನ್ ಹಾಕಿ, ಸಾಲಾಗಿ ಡಬಲ್ ಹೊಲಿಗೆ ಹೊಡೆದೆ. ಆಮೇಲೆ ಅದರ ಮೇಲೆ ಕುಳಿತು ಎರಡು ಲೋಟ ಚಾ ಕುಡಿದೆ. ಅಕ್ಕಿ ಚೀಲ ಏನೂ ದೂರು ಹೇಳಲಿಲ್ಲ.

ಗುಲಾಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಕೂಕಂಬವ್ರಿಗೆ ಮೆತ್ತಗಾಯ್ತ್, ಸರಿ. ಹೊರು ಕುದ್ರಿಗೆ ಹ್ಯಾಂಗಾತ್ತ್ ಅಂದೇಳಿ ಕಂಡ್ರಿಯಾ?” ಎಂದಳು.

ಮೂವತ್ತು ವರ್ಷದ ಅನುಭವದ ಮುಂದೆ ಇದೆಂಥ ಪ್ರಶ್ನೆ ಎಂದು ನಾನು ನಕ್ಕೆ. ಆ ನಗು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಮೊದಲ ಎರಡು ದಿನ ಕೋಡಿಯಲ್ಲಿ ನನ್ನ ಸೀಟನ್ನು ಹೊಗಳದವರಿಲ್ಲ. ಮೂರನೆಯ ದಿನ ಚಂದ್ರಿ ಜೀನು ಕಂಡರೆ ಕಿವಿ ಹಿಂದಕ್ಕೆ ಮಡಚಿ ಸರಿಯತೊಡಗಿತು. ಸೋಮಾರಿತನ ಎಂದು ತೀರ್ಪು ಕೊಟ್ಟವನೂ ನಾನೇ. ನಾಲ್ಕನೆಯ ದಿನ ಜೀನು ಇಳಿಸಿದಾಗ ಬೆನ್ನುಮೂಳೆಯ ಉದ್ದಕ್ಕೂ ಚರ್ಮ ಕಿತ್ತು ಬಂದಿತ್ತು.

ದನದ ಡಾಕ್ಟರು ನನ್ನ ಕತ್ತರಿಯನ್ನೇ ಕೇಳಿ ಪಡೆದು, ನನ್ನೆದುರೇ ಹೊಲಿಗೆ ಬಿಚ್ಚಿದರು. ನಾನು ಸ್ಪ್ರಿಂಗ್ ಎಂದದ್ದು ಒಳಗೆ ಮುರಿದುಹೋದ ಮರದ ಚೌಕಟ್ಟು. ಬಗ್ಗದಿರುವುದೇ ಒಳ್ಳೆಯ ಜೀನಿನ ಲಕ್ಷಣವಂತೆ. ಇನ್ನು ಆ ಸಂದು, ಬೆನ್ನುಮೂಳೆಗೆ ಏನೂ ತಾಗದಿರಲಿ ಎಂದು ಬಿಟ್ಟದ್ದು. “ಆ ಖಾಲಿ ಜಾಗ ಕುದುರೆಯದ್ದು ಮಾರಾಯ್ರೆ,” ಎಂದರು ಡಾಕ್ಟರು, ಮೆಲ್ಲಗೆ.

ಭಾವ ಬೈಯಲಿಲ್ಲ. ಬೈದಿದ್ದರೆ ನನ್ನ ಭಾರ ಸ್ವಲ್ಪ ಇಳಿಯುತ್ತಿತ್ತು. ರಜೆ ಮುಗಿಯಿತು. ಚಂದ್ರಿಯನ್ನು ನಮ್ಮ ಹಿತ್ತಲಲ್ಲಿ ಕಟ್ಟಿ, ಭಾವ ಪೆಟ್ಟಿಗೆ ಹಿಡಿದು ಮುಂಬೈ ಬಸ್ಸು ಹತ್ತಿದರು. ಹತ್ತುವಾಗ, “ಅದ್ಕೆ ಹೊತ್ತಿಗೆ ಸರಿಯಾಯ್ ಮದ್ದ್ ಹಾಕಿ, ಆಯ್ತಾ,” ಎಂದಷ್ಟೇ ಹೇಳಿದರು.

ಹಾಕಿದೆ. ದಿನಕ್ಕೆರಡು ಸಲ, ತಪ್ಪದೆ. ಮೊದಮೊದಲು ಚಂದ್ರಿ ನನ್ನನ್ನು ಕಂಡರೆ ಬೆನ್ನನ್ನು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿತ್ತು. ಈಗ ಹುಲ್ಲು ಹಿಡಿದುಕೊಂಡು ಹೋದರೆ ತಿನ್ನುತ್ತದೆ, ಮುಖ ಮಾತ್ರ ನೋಡುವುದಿಲ್ಲ. ನನಗೂ ಅದರ ಮುಖ ನೋಡುವ ಧೈರ್ಯವಿಲ್ಲ.

ಗಾಯ ಮಾಗಿದೆ. ಆದರೆ ಕಂದು ಬೆನ್ನಿನ ನಡುವೆ ಹೊಸ ಕೂದಲು ಬಿಳಿಯಾಗಿ ಬಂದಿದೆ, ನನ್ನ ಡಬಲ್ ಹೊಲಿಗೆಯಷ್ಟೇ ನೇರವಾಗಿ, ಎರಡು ಸಾಲು. ಅದು ಇನ್ನು ಹೋಗುವುದಿಲ್ಲವಂತೆ. ನಾನು ಹೊಲಿದ ಬಸ್ಸಿನ ಸೀಟುಗಳು ಎರಡು ಮಳೆಗಾಲ ಬಾಳಿದರೆ ಹೆಚ್ಚು. ಜೀವಮಾನಪೂರ್ತಿ ಉಳಿಯುವ ಕೆಲಸ ನನ್ನ ಕೈಯಿಂದ ಆದದ್ದು ಇದೊಂದೇ.