ಉಸಿರು ಹಿಡಿಯಿರಿ ಎಂದ ಯಂತ್ರಕ್ಕೆ ಒಬ್ಬ ತಾಯಿಯ ಅಹವಾಲು

ಮಾನ್ಯ ಸಿ.ಟಿ. ಸ್ಕ್ಯಾನ್ ಯಂತ್ರ ಮಹೋದಯರೇ,

ಆಸ್ಪತ್ರೆಯ ನೆಲಮಹಡಿಯ ಕೊನೆಯ ಕೋಣೆಯಲ್ಲಿ ಕುಳಿತು, ಹಗಲಿಡೀ ಒಬ್ಬರಾದ ಮೇಲೊಬ್ಬರನ್ನು ಬಾಯೊಳಗೆ ಎಳೆದುಕೊಂಡರೂ ಯಾರನ್ನೂ ನುಂಗದೆ ಹೊರಗೆ ಕಳಿಸುತ್ತಿರುವ ತಮ್ಮ ಸಂಯಮಕ್ಕೆ ಮೊದಲಾಗಿ ನನ್ನ ನಮನಗಳು. ಡೆನ್ಮಾರ್ಕಿನವರಾದ ನಾವು ಮೇಷ್ಟ್ರಿಂದ ಮಂತ್ರಿಯವರೆಗೆ ಎಲ್ಲರನ್ನೂ 'ನೀನು' ಎಂದೇ ಮಾತಾಡಿಸುವವರು. 'ತಾವು' ಎಂಬುದನ್ನು ಅರಮನೆಗಷ್ಟೇ ಮೀಸಲಿಟ್ಟಿದ್ದೇವೆ. ಆದರೂ ಕಳೆದ ಮಂಗಳವಾರ ಎರಡೂ ಕೈ ತಲೆಯ ಮೇಲಕ್ಕೆ ಚಾಚಿ, ಪೊಲೀಸರಿಗೆ ಶರಣಾದವಳಂತೆ ಅಂಗಾತ ಮಲಗಿ ತಮ್ಮನ್ನು ಕೆಳಗಿನಿಂದ ನೋಡಿದ ಮೇಲೆ ನನ್ನ ಬಾಯಿಗೆ ಬೇರೆ ಪದ ಬರುತ್ತಿಲ್ಲ.

ನನ್ನ ಪರಿಚಯ ತಮಗಿದೆ, ಅದೂ ಒಳಗಿನಿಂದ. ಹೊರಗಿನದ್ದನ್ನು ನಾನು ಹೇಳುತ್ತೇನೆ: ಸಸ್ಯಶಾಸ್ತ್ರದ ಪದವೀಧರೆ, ವಿಗ್ಗಾ ಎಂಬ ಐದು ತಿಂಗಳ ಕೂಸಿನ ತಾಯಿ, ಆ ಐದೂ ತಿಂಗಳಿಂದ ನಿದ್ದೆಯನ್ನು ಬೇರೆಯವರ ಮುಖದಲ್ಲಷ್ಟೇ ನೋಡಿ ಬಲ್ಲವಳು. ಚಳಿಗಾಲದ ಕೆಮ್ಮು ಬಿಡಲಿಲ್ಲವೆಂದು ಎಕ್ಸ್-ರೇ ತೆಗೆಸಿದರೆ ಬಲ ಶ್ವಾಸಕೋಶದಲ್ಲಿ ಒಂದು ನೆರಳು ಕಂಡಿತು. ಮಗು ಐದು ತಿಂಗಳದ್ದು, ನೆರಳು ಎಷ್ಟು ತಿಂಗಳದ್ದು? ಈ ಒಂದು ಪ್ರಶ್ನೆ ಹೊತ್ತು ನಾನು ತಮ್ಮ ಸನ್ನಿಧಿಗೆ ಬಂದದ್ದು.

ತಮ್ಮ ದರ್ಶನಕ್ಕೆ ಮೊದಲಿನ ವಿಧಿಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದ್ದೇನೆ ಎಂದು ವಿನಯಪೂರ್ವಕ ತಿಳಿಸುತ್ತೇನೆ. ಎರಡು ಗಂಟೆ ಏನೂ ತಿನ್ನಲಿಲ್ಲ, ಹೇಳಿದಷ್ಟು ನೀರು ಕುಡಿದೆ, ತಂತಿಯಿರುವ ಒಳಉಡುಪನ್ನೂ ಸರವನ್ನೂ ಬಿಚ್ಚಿಟ್ಟೆ. ಗರ್ಭಿಣಿಯೇ ಎಂದು ಮೂರು ಸಲ ಕೇಳಿದರು. ಗಂಡ ಟ್ರೋಲ್ಸ್ ಒಂದು ಕೋಣೆಯಲ್ಲಿ, ನಾನೂ ಮಗುವೂ ಇನ್ನೊಂದರಲ್ಲಿ ಮಲಗುವ ಮನೆಯಲ್ಲಿ ಅಂಥ ಪವಾಡ ನಡೆಯಬೇಕಾದರೆ ಗೋಡೆಗೆ ಬಾಗಿಲು ಕೊರೆಯಬೇಕಾದೀತು ಎಂದು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ. 'ಇಲ್ಲ' ಎಂದಷ್ಟೇ ಗುರುತು ಹಾಕಿದೆ.

ತಪ್ಪು ಮಾಡಿದ್ದು ಮಗಳ ವಿಷಯದಲ್ಲಿ. ನಮ್ಮಲ್ಲಿ ಮಕ್ಕಳು ಮಧ್ಯಾಹ್ನದ ನಿದ್ದೆ ಮಾಡುವುದು ಮನೆಯ ಹೊರಗೆ, ತಳ್ಳುಗಾಡಿಯಲ್ಲಿ, ಫೆಬ್ರವರಿಯ ಕೊರೆಯುವ ಗಾಳಿಯಲ್ಲಿ. ನಾನೂ ಅದೇ ಗಾಳಿಯಲ್ಲಿ ಮಲಗಿ ಬೆಳೆದವಳು. ಆದ್ದರಿಂದ ರಜೆ ಹಾಕಿ ಬರುತ್ತೇನೆಂದ ಟ್ರೋಲ್ಸ್‌ನನ್ನು ಕೆಲಸಕ್ಕೆ ಅಟ್ಟಿ, ವಿಗ್ಗಾಳನ್ನು ತಮ್ಮ ವಿಭಾಗದ ಗಾಜಿನ ಬಾಗಿಲಿನಾಚೆ ಅಂಗಳದಲ್ಲಿ, ಕಾಯುವವರ ಕುರ್ಚಿಗಳಿಗೆ ಕಾಣುವಂತೆ ಗಾಡಿಯಲ್ಲಿ ಮಲಗಿಸಿದೆ. ಅವಳ ಸದ್ದು ಕೇಳಿಸುವ ಪೆಟ್ಟಿಗೆ ಮಾತ್ರ ನನ್ನ ಜೇಬಿನಲ್ಲಿತ್ತು. ತಮಗೆ ಲೋಹ ಆಗಿಬರುವುದಿಲ್ಲವಲ್ಲ, ತಮ್ಮ ಅರ್ಚಕನಾದ ಆಸ್ಗರ್ ಎಂಬ ಆರಡಿ ಆಳು ಅದನ್ನು ಇಸಿದುಕೊಂಡು, "ನನ್ನ ಹತ್ರ ಇರ್ಲಿ ಬಿಡು, ನಾನೂ ಮೂರು ಮಕ್ಕಳ ಅಪ್ಪ" ಎಂದು ಗಾಜಿನಾಚೆಯ ತನ್ನ ಮೇಜಿನ ಮೇಲೆ, ಮೈಕಿನ ಪಕ್ಕದಲ್ಲೇ ಇಟ್ಟುಕೊಂಡ.

ತೋಳಿಗೆ ಸೂಜಿ ಚುಚ್ಚಿ, ಒಳಗಿನದೆಲ್ಲ ತಮಗೆ ನಿಚ್ಚಳವಾಗಿ ಕಾಣುವಂಥ ದ್ರವ ಬಿಡುವ ಮುನ್ನ ಅವನು ಎಚ್ಚರಿಸಿದ: "ಮೈಯೆಲ್ಲ ಬಿಸಿ ಆಗುತ್ತೆ. ಉಚ್ಚೆ ಹೋದ ಹಾಗನ್ಸುತ್ತೆ, ಹೋಗಿರಲ್ಲ, ಹೆದರ್ಬೇಡ." ಮಹೋದಯರೇ, ಹೆತ್ತು ಐದು ತಿಂಗಳಾದವಳಿಗೆ ಇಂಥ ವಿಷಯದಲ್ಲಿ ಬೇರೆಯವರು ಖಾತರಿ ಕೊಡಬಾರದು. ಬಾಯಲ್ಲಿ ತಾಮ್ರದ ಕಾಸು ಚೀಪಿದ ರುಚಿ, ಕೆಳಗೆ ಬೆಚ್ಚಗಿನ ಸಂಶಯ. ಅದೇ ಹೊತ್ತಿಗೆ ತಾವು "ಉಸಿರು ಒಳಗೆಳೆದುಕೊಳ್ಳಿ, ಹಿಡಿಯಿರಿ" ಎಂದು ಅಪ್ಪಣೆ ಕೊಡಿಸಿದಿರಿ, ಅದೇ ಹೊತ್ತಿಗೆ ಆಸ್ಗರ್ ನನ್ನ ಕ್ಷೇಮ ವಿಚಾರಿಸಲು ಮೈಕಿನ ಗುಂಡಿ ಒತ್ತಿದ, ಪಕ್ಕದ ಪೆಟ್ಟಿಗೆಯ ಸದ್ದೂ ಮೈಕಿಗೆ ಹೊಕ್ಕಿತು, ಮತ್ತು ತಮ್ಮ ಹೊಟ್ಟೆಯೊಳಗಿಂದ ನನ್ನ ಮಗಳು ಕಿಟಾರನೆ ಅತ್ತಳು.

ಎದೆ ಹಾಲು ತೊಟ್ಟಿಕ್ಕಿತು. ಬಾಯಿ ತಾನಾಗಿ "ಬಂದೆ ಕಣೇ!" ಎಂದಿತು.

"ಅಯ್ಯೋ ಮಾರಾಯ್ತಿ, ಮಾತಾಡ್ಬಿಟ್ಯಲ್ಲ!" ಎಂದ ಆಸ್ಗರ್. ಚಿತ್ರ ಹೆಬ್ಬೆರಳಲ್ಲಿ ಒರೆಸಿದಂತೆ ಕದಡಿಹೋಗಿತ್ತಂತೆ. ನೆರಳು ಇದ್ದ ಜಾಗವೇ ಸರಿಯಾಗಿ ಕಾಣಲಿಲ್ಲವಂತೆ. "ಇನ್ನೊಂದ್ಸಲ ತೆಗೆಯೋಣ. ದ್ರವ ಬೇಡ. ಹತ್ತೇ ಸೆಕೆಂಡು ಅಲ್ಲಾಡದೆ ಇರು." ಮಗು ಅಳುತ್ತಿರುವಾಗ ಹತ್ತು ಸೆಕೆಂಡು ಎಷ್ಟು ಉದ್ದ ಎಂಬುದನ್ನು ತಮ್ಮನ್ನು ಕಟ್ಟಿದ ಎಂಜಿನಿಯರರು ಅಳೆದಿರಲಾರರು. ಎದ್ದು ಓಡಿದರೆ ನೆರಳು ಏನೆಂದು ತಿಳಿಯುವುದಿಲ್ಲ. ಮಲಗಿದರೆ ಅವಳು ಅಳುತ್ತಾಳೆ. ಅವಳಿಗಾಗಿಯೇ ಅವಳ ಅಳು ಕೇಳುತ್ತ ಮಲಗಿರಬೇಕಾದ ಈ ನ್ಯಾಯವನ್ನು ತಾವು ಎಲ್ಲಿಂದ ತಂದಿರಿ?

ಆಗ ಅಳುವಿನ ಮೇಲೆ ಒಂದು ಒರಟು ದನಿ ತೇಲಿ ಬಂತು. ನನ್ನ ನಂತರದ ಸರದಿಯ ಎಗೊನ್ ಎಂಬ ಎಂಬತ್ತರ ಮೀನುಗಾರ, ಬೆನ್ನ ಹಿಂದೆ ಗಂಟು ಕಟ್ಟುವ ಆಸ್ಪತ್ರೆಯ ಅಂಗಿಯಲ್ಲಿ, ಬರಿಗಾಲಲ್ಲಿ ಅಂಗಳಕ್ಕೆ ಇಳಿದು ಗಾಡಿ ತೂಗುತ್ತಿದ್ದನಂತೆ. "ಹೋ ಹೋ ಪುಟ್ಟಕ್ಕ, ಹಸಿವಾ? ನಂಗೂ ನಿನ್ನೆ ರಾತ್ರಿಯಿಂದ ಏನೂ ಕೊಟ್ಟಿಲ್ಲ ಕಣಮ್ಮ. ನಾನು ಅಳ್ತಾ ಇದೀನಾ? ಹಿಂದ್ಗಡೆಯಿಂದ ಗಾಳಿ ಬೇರೆ ನುಗ್ತಾ ಇದೆ, ಊರಿಗೆಲ್ಲ ನನ್ನ ಕುಂಡಿ ದರ್ಶನ!"

"ಗುಂಡಿ ಒತ್ಕೊಂಡೇ ಇರು, ಆಸ್ಗರ್" ಎಂದೆ. ತಾವು ಉಸಿರು ಹಿಡಿಯಿರಿ ಎಂದಿರಿ. ವಿಗ್ಗಾ ಬಿಕ್ಕಿದಳು, ಮುದುಕ ಕೆಟ್ಟ ರಾಗದಲ್ಲಿ ಗುನುಗಿದ, ಹೊಟ್ಟೆಯೊಳಗೆ ನಗು ಒದೆಯುತ್ತಿತ್ತು, ಕಣ್ಣೀರು ಕಿವಿಗೆ ಇಳಿಯುತ್ತಿತ್ತು. ಕಲ್ಲಿನಂತೆ ಮಲಗಿದ್ದೆ. ಚಿತ್ರ ಚೊಕ್ಕವಾಗಿ ಬಂತು.

ಈಗ ದೂರಿನ ತಿರುಳಿಗೆ ಬರುತ್ತೇನೆ. ಆ ಗಳಿಗೆಯಲ್ಲೇ ತಾವು ಎಲ್ಲವನ್ನೂ ನೋಡಿಯಾಗಿತ್ತು. ಪಕ್ಕೆಲುಬು, ಹೃದಯ, ಅದರೊಳಗಿನ ಭಯ, ಏನನ್ನೂ ಬಿಟ್ಟಿರಲಿಲ್ಲ. ಆದರೂ ತಾವು ಆಡಿದ ಮಾತು "ಉಸಿರು ಬಿಡಿ" ಎಂದಷ್ಟೇ. ಮಂಗಳವಾರದಿಂದ ಶುಕ್ರವಾರದವರೆಗೆ ನನ್ನ ಗುಟ್ಟು ತಮ್ಮ ಬಳಿ ಇತ್ತು, ನನ್ನ ಬಳಿ ಇರಲಿಲ್ಲ. ಇಂಥ ಗಾಂಭೀರ್ಯ ನಮ್ಮೂರಿನ ಪಾದ್ರಿಗೂ ಸಾಧ್ಯವಾಗಿಲ್ಲ. ಆದಕಾರಣ ಮುಂದಿನ ಸಲ ತಾವು ಮಂಚವನ್ನು ಹೊರದೂಡುವ ಮುನ್ನ ರೋಗಿಯ ಕಿವಿಯಲ್ಲಿ ಒಂದೇ ಮಾತು, ಹೌದು ಅಥವಾ ಅಲ್ಲ, ಪಿಸುಗುಟ್ಟಬೇಕೆಂದೂ, ಅಲ್ಲವಾಗಿದ್ದರೆ ಗಟ್ಟಿಯಾಗಿಯೇ ಕೂಗಬೇಕೆಂದೂ ಕೋರುತ್ತೇನೆ.

ಶುಕ್ರವಾರ ವೈದ್ಯೆ ಫೋನ್ ಮಾಡಿದಳು. ಆರು ಮಿಲಿಮೀಟರಿನ ಒಂದು ಗಂಟು. "ಹಳೇ ಸೋಂಕಿನ ಕಲೆ ಇರ್ಬೇಕು. ಬಹುಶಃ ಏನೂ ಅಲ್ಲ. ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ನೋಡೋಣ" ಎಂದಳು. ಟ್ರೋಲ್ಸ್ 'ಏನೂ ಅಲ್ಲ' ಎಂಬುದನ್ನು ಕೇಳಿಸಿಕೊಂಡು ಕೇಕ್ ತಂದ. ನಾನು 'ಬಹುಶಃ' ಎಂಬುದನ್ನು ಕೇಳಿಸಿಕೊಂಡು ಎರಡು ತುಂಡು ತಿಂದೆ.

ಮೇ ತಿಂಗಳಲ್ಲಿ ಮತ್ತೆ ತಮ್ಮ ಬಾಯಿಗೆ ತಲೆ ಕೊಡಲಿರುವ,
ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಸಿಸ್ಸೆಲ್ ಲುಂಡ್‌ಹೋಲ್ಮ್
ಪಶ್ಚಿಮ ಯುಟ್‌ಲೆಂಡ್, ಡೆನ್ಮಾರ್ಕ್

ತಾ.ಕ.: ಮೇ ತಿಂಗಳಲ್ಲಿ ಆ ಆರು ಮಿಲಿಮೀಟರು ಒಂದು ವೇಳೆ ಏಳಾಗಿ ಕಂಡರೆ, ಅದು ತಮ್ಮ ಕಣ್ಣಿನ ದೋಷವೆಂದು ದಯವಿಟ್ಟು ಕೂಡಲೇ ಒಪ್ಪಿಕೊಳ್ಳಿ. ತಮ್ಮ ಪರವಾಗಿ ಕ್ಷಮಾಪಣೆಯ ಪತ್ರವನ್ನು ನಾನೇ ಬರೆದಿಟ್ಟಿದ್ದೇನೆ. ತಮ್ಮ ಸಹಿಯೊಂದು ಬಿದ್ದರೆ ಸಾಕು.