ಗಿಡ್ಡ ಮೂಗಿನ ಸೀಟಿಗೆ, ಅದರ ಮುಂದೆ ಮುಂದೆ ಸರಿಯುವ ಚಾಳಿಯ ಕುರಿತು

ಮಾನ್ಯ ಸೀಟು ಮಹಾಶಯರೇ,

ಮೆಟ್ಟಿಲ ಕೆಳಗೆ, ಛತ್ರಿಗಳ ಬುಟ್ಟಿಗೂ ನೀರಿನ ಮೀಟರಿಗೂ ನಡುವೆ, ನನ್ನ ಸೈಕಲ್ಲಿನ ಮೇಲೆ ವಿರಾಜಮಾನರಾಗಿರುವ ತಮ್ಮ ಸನ್ನಿಧಾನಕ್ಕೆ ಈ ಮನೆಯ ಹೊಸ ಸೊಸೆಯ ಅನಂತ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಈ ಪತ್ರವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ ಎಂಬುದರಿಂದ ನನ್ನ ಕ್ಷೇಮವನ್ನು ತಾವೇ ಊಹಿಸಿಕೊಳ್ಳಬಹುದು. ಶಾಲೆಯಲ್ಲಿ ನನಗೆ ಸರಿಯಾಗಿ ಕಲಿಸಿದ್ದು ಒಂದೇ ಒಂದು ಪತ್ರ, ಜ್ವರ ಬಂದಾಗ ಬರೆಯುವ ರಜಾ ಅರ್ಜಿ. ಆದ್ದರಿಂದ ನಡುವೆ ಎಲ್ಲಾದರೂ 'ದಯವಿಟ್ಟು ಎರಡು ದಿನ ರಜೆ ಕೊಡಬೇಕಾಗಿ' ಎಂದು ಬಂದುಬಿಟ್ಟರೆ ಅದನ್ನು ಮನಃಪೂರ್ವಕವಾದ ಬೇಡಿಕೆಯೆಂದೇ ತಿಳಿಯಬೇಕು.

ಈ ವಿಷಯವನ್ನು ಮನೆಯಲ್ಲಿ ಯಾರ ಹತ್ತಿರವೂ ಹೇಳುವಂತಿಲ್ಲ, ಅದಕ್ಕೇ ಇಡೀ ಲೋಕಕ್ಕೆ ಕೇಳುವ ಹಾಗೆ ಬರೆಯುತ್ತಿದ್ದೇನೆ. ಏಕೆಂದರೆ ತಾವು ಉಡುಗೊರೆ. ನಮ್ಮ ಯಜಮಾನರು (ಈ ಪದ ಬರೆದಾಗಲೆಲ್ಲ ನನಗೆ ನಗು ಉಕ್ಕುತ್ತದೆ, ಇನ್ನೂ ರೂಢಿಯಾಗಿಲ್ಲ) ಮದುವೆಯಾದ ಮೇಲೆ ನನಗೆ ಕೊಟ್ಟ ಮೊಟ್ಟಮೊದಲ ಉಡುಗೊರೆ. ಬೇರೆಯವರ ಗಂಡಂದಿರು ಕಿವಿಗೋ ಕೊರಳಿಗೋ ಏನಾದರೂ ತರುತ್ತಾರಂತೆ. ನನ್ನವರು ಮಾತ್ರ ನನಗೆ ನಿಜವಾಗಿ ಎಲ್ಲಿ ನೋಯುತ್ತಿತ್ತೋ ಅಲ್ಲಿಗೇ ತಂದರು. ಹಳೆಯ ಸೀಟಿನ ಉದ್ದ ಮೂಗು ಹೇಳಿಕೊಳ್ಳಲಾಗದ ಕಡೆ ಒತ್ತಿ ಜೋಮು ಹಿಡಿಸುತ್ತದೆಂದು ಒಮ್ಮೆ ಗೊಣಗಿದ್ದೆ, ಅಷ್ಟೇ. ಮರುವಾರ ತಾವು ದಯಮಾಡಿಸಿದಿರಿ: ಎರಡು ಬೆರಳಿನಷ್ಟು ಗಿಡ್ಡವಾದ ಮೂಗು, ನಡುವೆ ಉದ್ದಕ್ಕೆ ಕಿಂಡಿ, ಧಾರಾಳವಾದ ಹಿಂಭಾಗ. ನನಗೆ ಕಣ್ಣಲ್ಲಿ ನೀರೇ ಬಂತು. ಪ್ರೀತಿ ಎಂದರೆ ಇದು ಎಂದು ಬರೆದು ಅಕ್ಕನಿಗೆ ತಮ್ಮ ಫೋಟೋ ಕಳಿಸಿದೆ. 'ಇದೇನೇ, ಆಮೆ ಚಿಪ್ಪಾ?' ಎಂದು ಕೇಳಿದಳು. ಅವಳಿಗೆ ಮದುವೆಯಾಗಿ ಒಂಬತ್ತು ವರ್ಷವಾಯಿತು, ಪಾಪ.

ತಮ್ಮನ್ನು ಸೈಕಲ್ಲಿಗೆ ಕೂರಿಸಿದವರೂ ಯಜಮಾನರೇ. ಅವರು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವರು. ದಿನವಿಡೀ ಜನರ ಮೂಗನ್ನು ಆಧಾರವಾಗಿಟ್ಟುಕೊಂಡು ಕಣ್ಣೆಲ್ಲಿದೆ, ಕಿವಿ ಎಷ್ಟು ದೂರ ಎಂದು ಅಳೆಯುವವರಾದ್ದರಿಂದ ಅವರ ಪಾಲಿಗೆ ಜಗತ್ತು ಮೂಗಿನಿಂದಲೇ ಶುರುವಾಗುತ್ತದೆ. ಹಳೆಯ ಸೀಟಿನ ಮೂಗಿನ ತುದಿ ಹ್ಯಾಂಡಲ್ಲಿನಿಂದ ಎಷ್ಟು ದೂರವಿತ್ತೋ ಅಷ್ಟೇ ದೂರಕ್ಕೆ ತಮ್ಮ ಮೂಗಿನ ತುದಿಯನ್ನು ಎಳೆದು ತಂದು, ಕೂದಲೆಳೆಯ ವ್ಯತ್ಯಾಸವೂ ಇಲ್ಲದಂತೆ ಬಿಗಿದು, 'ನೋಡು, ಮೊದಲಿನ ಹಾಗೇ ಇದೆ' ಎಂದು ಕೈ ಒರೆಸಿಕೊಂಡರು. ನಾನು ಹತ್ತಿ ಕೂತೆ. ಹ್ಯಾಂಡಲ್ಲು ಮಡಿಲಿಗೆ ಬಂತು, ಮೈಭಾರವೆಲ್ಲ ಅಂಗೈಗೆ ಬಂತು, ಮೊಣಕಾಲುಗಳು ಗದ್ದದ ಯೋಗಕ್ಷೇಮ ವಿಚಾರಿಸಲು ಮೇಲೆದ್ದು ಬಂದವು; ಮಿಡತೆಗೆ ಸೈಕಲ್ ಕೊಡಿಸಿದರೆ ಹೇಗಿರುತ್ತದೋ ಹಾಗೆ. 'ಹೇಗಿದೆ?' ಎಂದರು. ಆ ಮುಖವನ್ನು ನೋಡಿದ್ದರೆ ತಾವೂ ಸುಳ್ಳು ಹೇಳುತ್ತಿದ್ದಿರಿ. 'ಸೂಪರ್ ರೀ! ಮೋಡದ ಮೇಲೆ ಕೂತ ಹಾಗಿದೆ!' ಎಂದೆ. ಆಮೇಲೆ ದಿನವೂ ಅವರು ಕೇಳುವುದು, ದಿನವೂ ನಾನು ಮೋಡ, ಹತ್ತಿ, ಹಂಸದ ಗರಿ ಎಂದು ಹೊಸ ಹೊಸದನ್ನು ಹುಡುಕುವುದು.

ಇಷ್ಟೆಲ್ಲ ಸಹಿಸಿದ್ದು ಯಾಕೆಂದು ತಾವು ಕೇಳಬಹುದು. ನಾನು ಸೋಫಾ, ಕುರ್ಚಿ ಮಾರುವ ಅಂಗಡಿಯಲ್ಲಿರುವವಳು, ಸಂಜೆ ಬೇಗ ಬರುತ್ತೇನೆ. ಅವರು ಬರುವ ಹೊತ್ತಿಗೆ ಅರ್ಧ ನಿದ್ದೆಯಲ್ಲಿರುತ್ತೇನೆ. ಅವರ ರಜೆಯ ದಿನ ಬೇರೆ, ನನ್ನದು ಬೇರೆ. ಮನೆಯಲ್ಲೋ, ಗೋಡೆ ತೆಳು, ಅತ್ತೆಯ ಕಿವಿ ಚುರುಕು. ಹೀಗಾಗಿ ನಾವಿಬ್ಬರೂ ಗಂಡ ಹೆಂಡತಿಯಾಗಿರುವುದು ಬೆಳಿಗ್ಗೆ ಕಾಲುವೆಯ ಪಕ್ಕದ ದಾರಿಯಲ್ಲಿ, ಸೇತುವೆ ಬರುವ ತನಕ. ಅಲ್ಲಿ ಅವರು ಎಡಕ್ಕೆ, ನಾನು ಬಲಕ್ಕೆ. ಅಲ್ಲಿಯವರೆಗೆ ಅಕ್ಕಪಕ್ಕ ಪೆಡಲ್ ತುಳಿಯುತ್ತಾ ನಾವು ಆಡುವ ಮಾತಿನಲ್ಲಿ ಒಂದಕ್ಕೂ ಅರ್ಥವಿರುವುದಿಲ್ಲ. ಆದರೆ ನಾನು ಮದುವೆಯಾಗಿದ್ದೇ ಅದಕ್ಕೆ.

ಕೊನೆಗೆ ತಾಳಲಾರದೆ ಒಂದು ಸಂಜೆ ಅಲನ್ ಕೀ ಹುಡುಕಿ, ತಮ್ಮ ಕೆಳಗಿನ ಬೋಲ್ಟು ಸಡಿಲಿಸಿ, ಕ್ಷಮೆ ಕೇಳುತ್ತಲೇ ತಮ್ಮನ್ನು ಹಿಂದಕ್ಕೆ ದೂಡಿದೆ. ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಅಬ್ಬಾ, ಮೋಡವೆಂದರೆ ಅದು! ಬೆಳಿಗ್ಗೆ ಹತ್ತಿದರೆ ತಾವು ಮತ್ತೆ ಮುಂದೆ. ಬೋಲ್ಟು ಸಡಿಲವಿತ್ತೇನೋ ಎಂದು ಸಂಜೆ ಮತ್ತೆ ದೂಡಿ ಉಸಿರು ಬಿಗಿಹಿಡಿದು ತಿರುಗಿಸಿದೆ. ಬೆಳಿಗ್ಗೆ ಮತ್ತೆ ಮುಂದೆ. ತಮ್ಮ ಕೆಳಗಿನ ಕಂಬಿಯ ಮೇಲೆ ಉಗುರುಬಣ್ಣದ ಚುಕ್ಕೆ ಇಟ್ಟು ನೋಡಿದೆ. ಬೆಳಗಾಗುವಷ್ಟರಲ್ಲಿ ಚುಕ್ಕೆಯೂ ತಮ್ಮ ಜೊತೆ ಪ್ರವಾಸ ಹೋಗಿತ್ತು. ಮಹಾಶಯರೇ, ಇಂಥ ಮಹತ್ವಾಕಾಂಕ್ಷೆಯನ್ನು ನಾನು ನಮ್ಮ ಸೇಲ್ಸ್ ಮ್ಯಾನೇಜರಲ್ಲೂ ಕಂಡಿಲ್ಲ. ಚಕ್ರವಿರುವ ವಾಹನದ ಮೇಲೆ ಕೂತಿದ್ದರೂ ವಾಹನವನ್ನು ನಂಬದೆ, ಸ್ವಂತ ಪರಿಶ್ರಮದಿಂದಲೇ ಮುಂದೆ ಬಂದ ಸೀಟು ಲೋಕದಲ್ಲಿ ತಾವೊಬ್ಬರೇ ಇರಬೇಕು. ಹ್ಯಾಂಡಲ್ಲಿನ ಮೇಲೆ ಅಷ್ಟೊಂದು ಮೋಹವಿದ್ದರೆ ಹೇಳಿ, ಮುಂದೆ ನಿಂತು ಮದುವೆ ಮಾಡಿಸುತ್ತೇನೆ. ನಾನು ಮಧ್ಯೆ ಕೂತಿರುವಾಗ ಮಾತ್ರ ಸರಸ ಬೇಡ.

ನಾನು ತಮ್ಮೊಂದಿಗೆ ಹೀಗೆ ಗುದ್ದಾಡುತ್ತಿದ್ದಾಗ ಅತ್ತೆ ಕಿಟಕಿಯಿಂದ ಇಣುಕಿ 'ಏನಮ್ಮಾ, ಸೈಕಲ್ ಜೊತೆ ಜಗಳವಾ?' ಎಂದರು. ಇಲ್ಲ ಅತ್ತೆ, ಧೂಳು ಹೊಡೀತಿದ್ದೆ ಎಂದೆ. 'ಹೊಡಿ ಹೊಡಿ. ಆ ಹಳೇ ಸೀಟು ಮಾತ್ರ ಬಿಸಾಕಬೇಡಿ, ಇರಲಿ' ಎಂದು ಒಳಗೆ ಹೋದರು.

ಕಡೆಗೆ ಸೋತು ಬಸ್ಸು ಹಿಡಿದೆ. ಒಂದು ದಿನ ತಲೆನೋವು ಎಂದೆ, ಒಂದು ದಿನ ಮೋಡ ಕವಿದಿದೆ ಎಂದೆ (ಈ ಸಲ ನಿಜವಾದ ಮೋಡ), ಒಂದು ದಿನ ಟೈರಿನಲ್ಲಿ ಗಾಳಿಯಿಲ್ಲ ಎಂದರೆ ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವರು ಗಾಳಿ ತುಂಬಿಸಿ ನಿಂತಿದ್ದರು. ಆದರೂ ಬಸ್ಸಿಗೇ ಹೋದೆ. ನಿನ್ನೆ ಅವರು ಹೆಲ್ಮೆಟ್ಟಿನ ಪಟ್ಟಿಯನ್ನು ಸುಮ್ಮನೆ ಹಾಕುತ್ತಾ ತೆಗೆಯುತ್ತಾ 'ನನ್ನ ಜೊತೆ ಬರೋಕೆ ಬೇಜಾರಾ?' ಎಂದು ಕೇಳಿದರು. ಮಾನ್ಯರೇ, ಇದಕ್ಕೆ ತಾವೇ ಹೊಣೆ. ಈ ಸಂಜೆ ತಮ್ಮನ್ನು ಮತ್ತೊಮ್ಮೆ ಹಿಂದಕ್ಕೆ ದೂಡಿ ಬಿಗಿದಿದ್ದೇನೆ, ನಾಳೆ ಕೈಯಾರೆ ಹಿಡಿಯುತ್ತೇನೆ.

ಪತ್ರವನ್ನು ಇಲ್ಲಿಗೆ ನಿಲ್ಲಿಸಿದ್ದೆ. ಈಗ ಮುಂದುವರಿಸುತ್ತಿದ್ದೇನೆ, ಧ್ವನಿಯನ್ನು ಸ್ವಲ್ಪ ತಗ್ಗಿಸಿ.

ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಬರಿಗಾಲಲ್ಲಿ ಕೆಳಗಿಳಿದೆ. ತಾವು ಚಲಿಸುತ್ತಿದ್ದಿರಿ, ನಿಜ. ಆದರೆ ತಮ್ಮ ಪಕ್ಕದಲ್ಲಿ ನಮ್ಮ ಯಜಮಾನರು ಕುಕ್ಕರಗಾಲಲ್ಲಿ ಕೂತು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಟೇಪಿನ ಒಂದು ತುದಿಯನ್ನು ತಮ್ಮ ಮೂಗಿಗೆ ಹಿಡಿದು, ತಮ್ಮನ್ನು ಮಗುವನ್ನು ತಳ್ಳುವ ಹಾಗೆ ಮುಂದಕ್ಕೆ ತಳ್ಳುತ್ತಿದ್ದರು. 'ನೀವಾ?' ಎಂದೆ. ಟಾರ್ಚು ಬಿತ್ತು. ಬೋಲ್ಟು ಜಾರಿ ತಾವು ದಿನವೂ ಹಿಂದೆ ಹಿಂದೆ ಹೋಗುತ್ತಿದ್ದೀರೆಂದು ಅವರು ತಿಳಿದಿದ್ದರಂತೆ. ಕೊಟ್ಟ ಮೊದಲ ಉಡುಗೊರೆಯೇ ದೋಷದ್ದೆಂದು ನನಗೆ ಗೊತ್ತಾಗಬಾರದೆಂದು ನಾನು ಏಳುವ ಮೊದಲು ಬಂದು ಸರಿಪಡಿಸುತ್ತಿದ್ದರಂತೆ. ನಾನೇ ತಳ್ಳುತ್ತಿದ್ದೆ ಎಂದಾಗ ಅವರು ಬೆರಗಾಗಿ 'ಮತ್ತೆ ಮೋಡದ ಹಾಗಿದೆ ಅಂದೆ?' ಎಂದರು. 'ಮೋಡ ಅಲ್ಲ ರೀ, ಮುಳ್ಳು!' ಎಂದೆ.

ಹೀಗೆ ನಮ್ಮ ದಾಂಪತ್ಯದ ಮೊದಲ ಜಗಳವು ಅತ್ತೆಗೆ ಎಚ್ಚರವಾಗದಂತೆ ಪಿಸುಮಾತಿನಲ್ಲಿ ನೆರವೇರಿತು. ಅವರು 'ಅಳತೆ ಸರಿಯಾಗೇ ಇದೆ' ಎಂದು ಟೇಪು ತೋರಿಸಿದರು. ನಾನು 'ಸೋಫಾ ಕೊಳ್ಳೋಕೆ ಬಂದವರಿಗೆ ನಾವು ಕೈ ಇಡೋ ತುದಿಯಿಂದ ಅಳೆದು ಕೊಡ್ತೀವಾ? ಕೂತು ನೋಡಿ ಅಂತೀವಿ. ನಾನೇನು ಇದರ ಮೂಗಿನ ಮೇಲೆ ಕೂರ್ತೀನಾ?' ಎಂದೆ. ಅವರು ಮೇಲೆ ಹೋಗಿ ಹಳೆಯ ಸೀಟು ತಂದರು. ತಮ್ಮನ್ನು ಬಿಚ್ಚಿ ಅದರ ಪಕ್ಕಕ್ಕಿಟ್ಟೆವು. ಕೂರುವ ಜಾಗ ಎರಡರಲ್ಲೂ ಒಂದೇ ಸಮಕ್ಕಿತ್ತು. ಮೂಗು ಮಾತ್ರ ತಮ್ಮದು ಎರಡು ಬೆರಳು ಹಿಂದೆಯೇ ಮುಗಿದುಹೋಗಿತ್ತು. ಆ ಎರಡು ಬೆರಳನ್ನು ತುಂಬಿಸಲು ಹೋಗಿ ಅವರು ನನ್ನನ್ನೇ ಮುಂದಕ್ಕೆ ಎತ್ತಿ ಕೂರಿಸಿದ್ದರು. ಆಮೇಲೆ ಇಬ್ಬರೂ ಸೇರಿ ಪ್ರತಿ ಸೀಟೂ ನನ್ನ ಅಂಗೈಯಷ್ಟು ಅಗಲವಾಗುವ ಕಡೆ ಉಗುರುಬಣ್ಣದ ಚುಕ್ಕೆ ಇಟ್ಟು, ಹ್ಯಾಂಡಲ್ಲಿನಿಂದ ಹಳೆಯದರ ಚುಕ್ಕೆ ಇರುತ್ತಿದ್ದಷ್ಟೇ ದೂರಕ್ಕೆ ತಮ್ಮ ಚುಕ್ಕೆಯನ್ನು ತಂದೆವು. ಎತ್ತರವನ್ನೂ ಆ ಚುಕ್ಕೆಯಿಂದಲೇ ಅಳೆದೆವು, ಏಕೆಂದರೆ ತಾವು ಹಳಬರಿಗಿಂತ ಸ್ವಲ್ಪ ದಪ್ಪ, ತಪ್ಪು ತಿಳಿಯಬೇಡಿ. ಮೇಲಿನಿಂದ 'ಆಯ್ತಾ ನಿಮ್ಮ ಗುಸುಗುಸು? ಟೀ ಇಡ್ಲಾ?' ಎಂದು ಅತ್ತೆಯ ದನಿ ಬಂತು.

ಆದ್ದರಿಂದ ತಾವು ಸ್ವಯಂಪ್ರೇರಿತರಾಗಿ ನಡೆಯುತ್ತೀರೆಂಬ ಆರೋಪವನ್ನು ಗೌರವಪೂರ್ವಕವಾಗಿ ಹಿಂತೆಗೆದುಕೊಂಡಿದ್ದೇನೆ. ಆದರೆ ತಮ್ಮನ್ನು ಪೂರ್ತಿ ಬಿಟ್ಟುಬಿಡಲು ಮನಸ್ಸಿಲ್ಲ. ಹುಟ್ಟುವಾಗಲೇ ಬೆನ್ನ ಮೇಲೊಂದು ಚುಕ್ಕೆ ಇಟ್ಟುಕೊಂಡು ಬರಲು ತಮಗೇನಾಗಿತ್ತು? ಪೆಟ್ಟಿಗೆ ತೆರೆದ ಕೂಡಲೇ 'ನನ್ನ ಮೂಗನ್ನು ನಂಬಬೇಡಿ' ಎಂದು ಒಮ್ಮೆ ಕೂಗಿದ್ದರೆ ಗಂಟಲು ಬೀಳುತ್ತಿತ್ತೇ? ಇರಲಿ. ನಾನು ಬಸ್ಸಿನಲ್ಲಿ ಕಳೆದ ಅಷ್ಟೂ ಬೆಳಗುಗಳನ್ನು ಅದೇ ಎಳೆಬಿಸಿಲು, ಅದೇ ಕಾಲುವೆಯ ಗಾಳಿ, ಪಕ್ಕದಲ್ಲಿ ಅದೇ ಮನುಷ್ಯನ ಸಮೇತ ಒಂದು ವಾರದೊಳಗೆ ಹಿಂದಿರುಗಿಸಬೇಕಾಗಿ ವಿನಂತಿ.

ಅಂದು ಬೆಳಿಗ್ಗೆ ಜೊತೆಗೇ ಹೊರಟೆವು. ಕಾಲುವೆಯ ತಿರುವಿನಲ್ಲಿ ಅವರು ಅಭ್ಯಾಸದಂತೆ 'ಹೇಗಿದೆ?' ಎಂದರು. ಮೋಡ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. 'ಮೂಗು ಒಂಚೂರು ಮೇಲಾಯ್ತು ಅನ್ಸತ್ತೆ' ಎಂದೆ. ಮುಖ ಸಪ್ಪಗಾಗುತ್ತದೆಂದು ಕಾದೆ. ಅವರು ಸೈಕಲ್ ನಿಲ್ಲಿಸಿ, ಜೇಬಿನಿಂದ ಅಲನ್ ಕೀ ತೆಗೆದು, ಮದುವೆಯ ದಿನವೂ ನಾನು ಕಾಣದಷ್ಟು ಖುಷಿಯಲ್ಲಿ 'ಎಷ್ಟು?' ಎಂದು ಕೇಳಿದರು. ಸೇತುವೆ ತಲುಪುವಷ್ಟರಲ್ಲಿ ಇನ್ನೂ ಎರಡು ಕಡೆ ನಿಂತೆವು. ಇಬ್ಬರೂ ಕೆಲಸಕ್ಕೆ ತಡ.

ಈಗ ಕೂತುಕೊಂಡೇ ಸಹಿ ಹಾಕುತ್ತಿರುವ,
ತಮ್ಮ ಮೇಲೆ ಪೂರ್ತಿ ಭಾರ ಹಾಕಿರುವ ವಿಶ್ವಾಸಿ

ಮರೆತ ಮಾತು: ನನ್ನ ರಜೆಯ ದಿನ ಮಧ್ಯಾಹ್ನ ಒಂದು ನಿದ್ದೆ ತೆಗೆದು ಎದ್ದು ನೋಡಿದರೆ ತಾವು ಮತ್ತೆ ಜಾಗ ಬದಲಿಸಿದ್ದೀರಿ, ಈ ಬಾರಿ ಮುಂದಕ್ಕಲ್ಲ, ಹಿಂದಕ್ಕೂ ಅಲ್ಲ, ಕೆಳಕ್ಕೆ. ಅಂಗಡಿಯಲ್ಲಿದ್ದ ಯಜಮಾನರು ಫೋನಿನಲ್ಲೇ ತಾನಲ್ಲ ಎಂದು ಆಣೆ ಮಾಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಏನನ್ನೂ ಕೇಳುವ ಮೊದಲೇ ಅತ್ತೆ ಕಾಲು ಅಗಲಿಸಿ ನಡೆಯುತ್ತಾ ಬಂದು, ಕಾಲುವೆ ಕಡೆ ಗಾಳಿ ಚೆನ್ನಾಗಿದೆಯೆಂದೂ, ಇನ್ನು ಅವರು ಸವಾರಿ ಹೊರಡುವಾಗ ಆ ಹಳೆಯ ಸೀಟನ್ನೇ ಹಾಕಿಕೊಡಬೇಕೆಂದೂ ತಿಳಿಸಿದರು. ತಮ್ಮ ಬಗ್ಗೆ ಅವರ ಅಭಿಪ್ರಾಯವನ್ನು ಇದ್ದಂತೆಯೇ ಕೊಟ್ಟಿದ್ದೇನೆ: 'ಏನೇ ಹೇಳು, ಮೂಗು ಅಂದ್ಮೇಲೆ ಸ್ವಲ್ಪ ಉದ್ದ ಇದ್ರೇನೇ ಲಕ್ಷಣ.'