ಗಾಡಿಯಡಿಯ ಅತಿಥಿ

ವೆಂಡೆಲ್ ಓಚೋವಾನ ಪಿಕಪ್ಪಿನ ಹಿಂಬಾಗಿಲ ಚಿಲಕ ಮುರಿದು ತಿಂಗಳಾಗಿತ್ತು. ಹಗ್ಗದಿಂದ ಬಿಗಿದು ಓಡಿಸುತ್ತಿದ್ದ. ಕಾಪರ್‌ವಾಶ್ ಮರುಭೂಮಿ ಉದ್ಯಾನದಲ್ಲಿ ಅವನ ನೌಕರಿಯೂ ಅಂಥದೇ ಹಗ್ಗದಲ್ಲಿ ನೇತಾಡುತ್ತಿತ್ತು. ಪ್ರತಿ ವಸಂತಕ್ಕೆ ಕರೆಯುವರು, ಬಿಸಿಲು ಬಲಿತೊಡನೆ ಮನೆಗೆ ಕಳಿಸುವರು. ಗಿಡ ಎಣಿಸುವುದು, ಒರತೆಯ ನೀರು ಅಳೆಯುವುದು, ಆಮೆಯ ಬಿಲ ಇಣುಕುವುದು ಅವನ ಕೆಲಸ. ಇವತ್ತು ಮಧ್ಯಾಹ್ನ ಕಾಯಂ ಹುದ್ದೆಗೆ ಸಂದರ್ಶನ. ಇದ್ದೊಂದು ಒಳ್ಳೆಯ ಅಂಗಿಗೆ ಇಸ್ತ್ರಿ ಹೊಡೆದು ತೊಟ್ಟಿದ್ದ.

ಬೆಳಿಗ್ಗೆಯೇ ಮೇಲಧಿಕಾರಿ ಲೋರ್ನಾ ಪ್ರೂಯಿಟ್ ವೈರ್‌ಲೆಸ್ಸಿನಲ್ಲಿ ಗುಡುಗಿದರು. "ಓಚೋವಾ, ಗೊಂಬೆ ಆಮೆ ಎರಡು ಕಮ್ಮಿ ಇವೆಯಲ್ಲೋ!"

ಮರಿಯಾಮೆಗಳನ್ನು ಕುಕ್ಕಿ ತಿನ್ನುವ ಕಾಗೆಗಳಿಗೆ ಬುದ್ಧಿ ಕಲಿಸಲು ಮಾಡಿಸಿದ ಪ್ಲಾಸ್ಟಿಕ್ ಆಮೆಗಳವು. ಕುಕ್ಕಿದರೆ ಘಾಟು ರಸ ಚಿಮ್ಮುತ್ತಿತ್ತು. ಬಣ್ಣ ಬಳಿದವನು ವೆಂಡೆಲ್. ನಿನ್ನೆ ಅವನ್ನೆಲ್ಲ ಬಯಲಿನಿಂದ ಆರಿಸಿ ಗಾಡಿಗೆ ತುಂಬಿದವನೂ ಅವನೇ.

"ಎರಡನ್ನೂ ಹಿಡ್ಕೊಂಡು ಸಂದರ್ಶನಕ್ಕೆ ಬಾ. ಪ್ಲಾಸ್ಟಿಕ್ ಆಮೆ ಕಾಯೋಕಾಗದವನಿಗೆ ಜೀವ ಇರೋದನ್ನ ಹೆಂಗಪ್ಪಾ ಒಪ್ಪಿಸ್ಲಿ?"

ವೆಂಡೆಲ್ ಶಿಬಿರದ ಬಯಲಿಗೆ ಗಾಡಿ ಹಾರಿಸಿದ. ಗಕ್ಕನೆ ಬ್ರೇಕ್ ಒತ್ತಿ, ಮೆಸ್ಕೀಟ್ ಮರದ ನೆರಳಿಗೆಂದು ಹಿಂದಕ್ಕೆ ಸರಿಸಿ ನಿಲ್ಲಿಸಿದ. ಪಕ್ಕದಲ್ಲೇ ಮಿನೆಸೋಟಾದ ಚಳಿಗೆ ಹೆದರಿ ಬಂದ ಮರ್ಲ್ ಮತ್ತು ಡಾಟಿ ದಂಪತಿಗಳ ಮನೆಗಾಡಿ. ಇಬ್ಬರೂ ಮಡಚು ಕುರ್ಚಿಯಲ್ಲಿ ಕೂತು, ಟಿಕೆಟ್ ಕೊಂಡವರಂತೆ ಮರುಭೂಮಿಯನ್ನು ನೋಡುತ್ತಿದ್ದರು.

"ಕಂದಾ, ಆಮೆ ಊಟ ಬಿಟ್ರೆ ಎಷ್ಟು ದಿನ ತಡ್ಕೊಳ್ಳುತ್ತೆ?" ಎಂದರು ಡಾಟಿ.

"ತಿಂಗಳುಗಟ್ಟಲೆ ತಡ್ಕೊಳ್ಳುತ್ತಮ್ಮಾ," ಎನ್ನುತ್ತ ವೆಂಡೆಲ್ ಪೊದೆಗಳತ್ತ ಓಡಿದ. ಡಾಟಿ ನಿಟ್ಟುಸಿರು ಬಿಟ್ಟದ್ದು ಅವನಿಗೆ ಕೇಳಿಸಲಿಲ್ಲ.

ಬಿಸಿಲು ನೆತ್ತಿಗೇರುವವರೆಗೆ ಪೊದೆಯ ಬುಡ ಬುಡ ಕೆದಕಿದ. ಮುಳ್ಳು ಸಿಕ್ಕಿತು, ಹಳೆಯ ಚಪ್ಪಲಿ ಸಿಕ್ಕಿತು, ಆಮೆ ಸಿಗಲಿಲ್ಲ. ಸೋತು ಬಂದು, ಹೊರಡುವ ಮುನ್ನ ರೂಢಿಯಂತೆ ಗಾಡಿಯಡಿ ಬಗ್ಗಿ ನೋಡಿದ. ನಾಲ್ಕು ಚಕ್ರಗಳ ನಡುವೆ, ಕತ್ತಲ ನೆರಳಿನಲ್ಲಿ, ತಲೆ ಒಳಗೆಳೆದುಕೊಂಡ ಅಂಗೈಯಗಲದ ಆಮೆಯೊಂದು ಆರಾಮಾಗಿ ಕೂತಿತ್ತು.

ಪರವಾನಗಿ ಇಲ್ಲದವರು ಆಮೆಯನ್ನು ಮುಟ್ಟುವಂತಿಲ್ಲ. ಬೆದರಿದರೆ ಅದು ಬೇಸಿಗೆಗೆಂದು ಒಡಲಲ್ಲಿ ಕೂಡಿಟ್ಟ ನೀರನ್ನೆಲ್ಲ ಸುರಿಸಿಬಿಡುತ್ತದೆ. ತಾನಾಗಿ ಎದ್ದು ಹೋಗುವವರೆಗೆ ಕಾಯಬೇಕು. ಹಾಗೆಂದು ಎದುರಿಗೆ ಫಲಕವೇ ಇತ್ತು, ನೆಟ್ಟವನು ವೆಂಡೆಲ್.

"ಏನ್ ತಮ್ಮಾ, ಟಯರ್ ಪಂಚರ್ರಾ?" ಎಂದರು ಮರ್ಲ್.

"ಆಮೆ, ಯಜಮಾನ್ರೇ."

"ಓಹೋ! ಹೋದ್ವಾರ ಒಂದಕ್ಕೋಸ್ಕರ ನನ್ನ ಮಧ್ಯಾಹ್ನವಿಡೀ ಕೂರಿಸಿದ್ದೆ, ನೆನಪೈತಾ? ಕೂತ್ಕೋ ಬಾ, ಕುರ್ಚಿ ಕೊಡ್ತೀನಿ."

"ಸೊಪ್ಪು ತೋರಿಸ್ಲಾ ಕಂದಾ?"

"ತಿನಿಸು ತೋರಿಸೋ ಹಾಗಿಲ್ಲಮ್ಮಾ."

"ಪೀಪಿ ಊದ್ಲಾ?" ಮರ್ಲ್ ಒಳಗಿಂದ ತಂದೇಬಿಟ್ಟರು.

"ರೀ, ನೀವು ಊದಿದ್ರೆ ಆಮೆ ಇರ್ಲಿ, ಬಂಡೇನೇ ಎದ್ದು ಹೋಗುತ್ತೆ. ಸುಮ್ನಿರಿ!"

ವೆಂಡೆಲ್ ನೆಲಕ್ಕೆ ಗಲ್ಲ ಹಚ್ಚಿ ಮಲಗಿ ಆಮೆಯನ್ನೇ ದಿಟ್ಟಿಸಿದ. ಸರ್ಕಾರಿ ಕಡತದಂತೆ ಅದು ಕೂತಲ್ಲಿಂದ ಅಲುಗಲಿಲ್ಲ. ಸಂದರ್ಶನದ ಹೊತ್ತು ಬಂತು, ಮೀರಿತು.

ವೈರ್‌ಲೆಸ್ಸಿನಲ್ಲಿ ಅವನ ಗೋಳು ಕೇಳಿದ ಲೋರ್ನಾ ಕೊನೆಗೆ ತಾವೇ ಜೀಪಿನಲ್ಲಿ ಬಂದರು. ಅವರಿಗೆ ಪರವಾನಗಿ ಇತ್ತು. ಕೈಗವಸು ತೊಟ್ಟು, ಮೊಣಕಾಲೂರಿ, ತೊಟ್ಟಿಲ ಮಗುವನ್ನು ಎತ್ತುವಂತೆ ಆಮೆಯನ್ನು ಹೊರತಂದರು. ಒಮ್ಮೆ ತೂಗಿ ನೋಡಿದರು. ಅಂಗಾತ ತಿರುಗಿಸಿದರು. ಹೊಟ್ಟೆಯ ಮೇಲೆ ಇಲಾಖೆಯ ಮುದ್ರೆ.

"ಓಚೋವಾ, ನಿನ್ನ ಹಿಂಬಾಗಿಲ ಸಂದಿಯಿಂದ ಜಾರಿರೋದಿದು. ಅದರ ಮೇಲೇ ಗಾಡಿ ಹಿಂದಕ್ಕೆ ತಂದಿದೀಯ. ಪ್ಲಾಸ್ಟಿಕ್ಕಿಗೆ ಕಾವಲು ಕೂತಿದ್ಯೇನಯ್ಯಾ?"

ಮರ್ಲ್ ನಕ್ಕ ನಗುವಿಗೆ ಕುರ್ಚಿಯೇ ಮಡಚಿಕೊಂಡಿತು. ವೆಂಡೆಲ್‌ನ ಕಿವಿ ಕಾದ ಬಾಣಲೆಯಾಯಿತು.

"ಬಣ್ಣ ಚೆನ್ನಾಗಿ ಬಳಿದಿದೀಯ, ಅದನ್ನ ಒಪ್ತೀನಿ," ಲೋರ್ನಾರ ದನಿ ಕೊಂಚ ಇಳಿಯಿತು. "ಇನ್ನೊಂದನ್ನೂ ತಂದ್ಕೊಡು. ಸಂದರ್ಶನದವರನ್ನ ನಾಲ್ಕರವರೆಗೂ ಕೂರಿಸಿರ್ತೀನಿ."

ಆಗಲೇ ವೆಂಡೆಲ್‌ನ ಕಣ್ಣು ಜೀಪಿನಡಿ ಬಿತ್ತು. ಅದೇ ಗಾತ್ರ, ಅದೇ ಬಣ್ಣ, ಅದೇ ಒಳಗೆಳೆದ ತಲೆ.

"ಸಿಕ್ತು ಮೇಡಂ!"

ಲೋರ್ನಾ "ನಿಲ್ಲೋ!" ಎನ್ನುವಷ್ಟರಲ್ಲಿ ಅವನು ನುಗ್ಗಿ ಅದನ್ನು ಎತ್ತಿ ಎದೆಗವಚಿಕೊಂಡಿದ್ದ. ನಾಲ್ಕು ಕಾಲು ಹೊರಬಂದು ಗಾಳಿಯಲ್ಲಿ ಈಜಿದವು. ಆಮೇಲೆ, ಮುಂದಿನ ಮಳೆಗಾಲದವರೆಗೆಂದು ಕೂಡಿಟ್ಟದ್ದೆಲ್ಲ ಬೆಚ್ಚಗೆ ಇಸ್ತ್ರಿಯಂಗಿಯ ಮೇಲೆ ಇಳಿಯಿತು.



"ಕೆಳಗಿಡು, ಮೆಲ್ಲಗೆ," ಎಂದರು ಲೋರ್ನಾ. "ಅಗಲ ತಟ್ಟೇಲಿ ನೀರಿಟ್ಟು ಅದರೊಳಗೆ ಬಿಡು. ಕಳ್ಕೊಂಡಷ್ಟೂ ಕುಡಿದು, ತಾನಾಗಿ ಎದ್ದು ಹೋಗೋತನಕ ನೀನು ಇಲ್ಲಿಂದ ಕದಲಕೂಡ್ದು. ಸಂದರ್ಶನ ಮುಂದಿನ ವಸಂತಕ್ಕೆ ನೋಡೋಣ."

ವೆಂಡೆಲ್ ಮತ್ತೆ ನೆಲಕ್ಕೆ ಗಲ್ಲ ಹಚ್ಚಿ ಮಲಗಿದ. ಮರ್ಲ್ ಕುರ್ಚಿಯನ್ನು ಬಿಡಿಸಿ ಹತ್ತಿರ ಎಳೆದುಕೊಂಡರು. ಡಾಟಿ ಮನೆಗಾಡಿಯೊಳಗೆ ಹೋಗಿ, ಸೊಪ್ಪು ಹಾಸಿದ ಶೂ ಡಬ್ಬಿಯೊಂದನ್ನು ಜೋಪಾನವಾಗಿ ಹಿಡಿದು ಬಂದರು.

"ಮೇಡಂ, ನೀವು ಬಂದಿದ್ದು ಒಳ್ಳೇದಾಯ್ತು. ನಮ್ಮದನ್ನೂ ಸ್ವಲ್ಪ ನೋಡಿ. ನಿನ್ನೆಯಿಂದ ಒಂದೆಲೆ ಮುಟ್ಟಿಲ್ಲ, ಒಂದು ಹನಿ ಉಚ್ಚೇನೂ ಹೊಯ್ದಿಲ್ಲ."